ಮುಂದಿನ ದನಿ, ಹಿಂದಿನ ದನಿಗಳು

ಮೈಸೂರಿನ ಕೃಷ್ಣಮೂರ್ತಿಪುರಂ ಕಡೆಯವರಿಗೆ ಗುಂಪಾಗಿ ಹಾಡುವುದು ಹೊಸದಲ್ಲ. ಶಾಲೆಯ ಪ್ರಾರ್ಥನೆ, ಶನಿವಾರದ ಭಜನೆ, ಗಣಪತಿ ಪೆಂಡಾಲು, ಸುಗಮ ಸಂಗೀತದ ತರಗತಿ ಎಲ್ಲದರಲ್ಲೂ ಹತ್ತಾರು ದನಿ ಸೇರುತ್ತವೆ. ಆದರೂ ಕನ್ನಡದಲ್ಲಿ ಹೆಸರಾದ ಗಾಯನ ತಂಡ ಯಾವುದೆಂದು ಕೇಳಿದರೆ ಕಾಳಿಂಗರಾವ್, ಅನಂತಸ್ವಾಮಿ, ಅಶ್ವತ್ಥ್ ಎಂದು ಒಬ್ಬೊಬ್ಬರ ಹೆಸರೇ ಬಾಯಿಗೆ ಬರುತ್ತದೆ. ಜೊತೆಗೆ ಹಾಡಿದವರನ್ನು ರೇಡಿಯೊದಲ್ಲೂ ಕ್ಯಾಸೆಟ್ಟಿನ ಮೇಲೂ ‘ಮತ್ತು ಸಂಗಡಿಗರು’ ಎಂದು ಮುಗಿಸಿಬಿಟ್ಟೆವು. ನಮ್ಮಲ್ಲಿ ತಂಡಗಳು ಇದ್ದವು, ಚೆನ್ನಾಗಿಯೂ ಹಾಡಿದವು. ಅವನ್ನು ತಂಡವಾಗಿ ಕೇಳುವ ಕಿವಿಯನ್ನು ಮಾತ್ರ ನಾವು ಬೆಳೆಸಿಕೊಳ್ಳಲಿಲ್ಲ.

ಇದರ ಬೇರು ಮೈಸೂರು ಸೀಮೆಯಲ್ಲೇ ಇದೆ. ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರಲ್ಲಿ ತಂಬೂರಿ ಹಿಡಿದ ಮುಮ್ಮೇಳದವನು ಕಥೆ ನಡೆಸುತ್ತಾನೆ; ಹಿಮ್ಮೇಳದವರು ಅವನ ಸಾಲಿನ ತುದಿಯನ್ನು ಹಿಡಿದು ಎಳೆಯುತ್ತಾರೆ. ಮಲೆಯ ಮಾದಪ್ಪನ ಕಂಸಾಳೆಯವರದ್ದೂ ಸೋಬಾನೆ ಹಾಡುವ ಹೆಂಗಸರದ್ದೂ ಇದೇ ಕ್ರಮ: ಒಬ್ಬರು ಎತ್ತಿಕೊಡುವುದು, ಉಳಿದವರು ದನಿಗೂಡಿಸುವುದು. ರಾತ್ರಿಯಿಡೀ ನಡೆಯುವ ಕಥೆಯಲ್ಲಿ ಮುಂದಿನವನಿಗೆ ಉಸಿರು ತೆಗೆದುಕೊಳ್ಳಲು, ಮುಂದಿನ ಸೊಲ್ಲು ನೆನೆಯಲು ಬಿಡುವು ಸಿಗುವುದೇ ಈ ಹಿಮ್ಮೇಳದಿಂದ. ದಕ್ಷಿಣ ಆಫ್ರಿಕಾದ ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಜೊ ತಂಡವೂ ಒಬ್ಬ ಮುಂದಾಳು ಮತ್ತು ಅವನ ಹಿಂದಿನ ದನಿಗಳನ್ನೇ ಆಧರಿಸಿ ಕಟ್ಟಿದ್ದು. 1986ರಲ್ಲಿ ಪಾಲ್ ಸೈಮನ್‌ನ ‘ಗ್ರೇಸ್‌ಲ್ಯಾಂಡ್’ ಬಂದ ಮೇಲೆ ಲೋಕವೆಲ್ಲ ಅವರನ್ನು ಕೇಳಿತು. ಅವರ ಹಿಂದಿನ ದನಿಗಳು ಬೇರೆ ಬೇರೆ ಸ್ವರಗಳಲ್ಲಿ ನಿಲ್ಲುತ್ತವೆ, ನಮ್ಮವು ಒಂದೇ ಸ್ವರದಲ್ಲಿ.

ಒಂದೇ ಸ್ವರದಲ್ಲಿ ನಿಲ್ಲುವುದಕ್ಕೆ ಕಾರಣವಿದೆ. ರಾಗದ ಬೆಡಗೆಲ್ಲ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಬಗೆಯಲ್ಲಿ, ಗಮಕದಲ್ಲಿ ಇದೆ. ಅದರ ಪಕ್ಕದಲ್ಲಿ ಶ್ರುತಿಯ ಷಡ್ಜ–ಪಂಚಮವಲ್ಲದ ಇನ್ನೊಂದು ಸ್ವರ ಅಲುಗದೆ ನಿಂತರೆ ಜಾರುವ ಸ್ವರ ಅದಕ್ಕೆ ತಾಗುತ್ತದೆ. ಇನ್ನೊಂದು ತೊಡಕು ಶ್ರುತಿಯದು. ಗಂಡಸರು ಒಂದು ಮನೆಯ ಆಸುಪಾಸಿನಲ್ಲೂ ಹೆಂಗಸರು ಐದು ಮನೆಯ ಆಸುಪಾಸಿನಲ್ಲೂ ಹಾಡಿ ರೂಢಿ. ಇಬ್ಬರನ್ನೂ ಒಂದೇ ಶ್ರುತಿಗೆ ಕೂರಿಸಿದರೆ ಯಾರಾದರೂ ಒಬ್ಬರು ಕಷ್ಟಪಡಲೇಬೇಕು. ಮೇಲಿನವರಿಗೆ ಒಂದು ಸ್ವರ, ಕೆಳಗಿನವರಿಗೆ ಇನ್ನೊಂದು ಎಂದು ಹಂಚುವ ಪಾಶ್ಚಾತ್ಯ ಪದ್ಧತಿ ಈ ಕಷ್ಟವನ್ನು ಸಲೀಸಾಗಿ ಬಿಡಿಸುತ್ತದೆ.

ಆ ಪದ್ಧತಿ ಕನ್ನಡಕ್ಕೆ ಬಂದದ್ದು ಇಗರ್ಜಿಯ ದಾರಿಯಲ್ಲಿ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಜರ್ಮನ್ ಧಾಟಿಗಳಿಗೆ ಕನ್ನಡ ಕೀರ್ತನೆಗಳು ಹೊಂದಿಕೊಂಡವು, ನಾಲ್ಕು ದನಿಗಳ ಹಾಡಿಕೆ ಸಭೆಯ ಜನರಿಗೆ ರೂಢಿಯಾಯಿತು. ಸುಗಮ ಸಂಗೀತ ಹುಟ್ಟುವ ಎಷ್ಟೋ ಮೊದಲೇ ಕನ್ನಡದ ಮಾತು ಬಹುದನಿಯಲ್ಲಿ ಕೇಳಿತ್ತು. ಇದನ್ನು ನಮ್ಮ ಸಂಗೀತದ ಚರಿತ್ರೆಗಳು ಅಡಿಟಿಪ್ಪಣಿಯಷ್ಟೂ ಗಮನಿಸದಿರುವುದು ನನಗೆ ಅನ್ಯಾಯವೆನಿಸುತ್ತದೆ.

ಜನಪ್ರಿಯ ಸಂಗೀತಕ್ಕೆ ಬಂದರೆ ಮೊದಲ ದೊಡ್ಡ ತಂಡ ಪಾಂಡೇಶ್ವರ ಕಾಳಿಂಗರಾಯರದ್ದು. 1914ರಲ್ಲಿ ಉಡುಪಿ ಸೀಮೆಯ ಆರೂರಿನಲ್ಲಿ ಹುಟ್ಟಿದ ಅವರು ನಾಟಕ ಕಂಪನಿಯಲ್ಲಿ ಪಳಗಿ, ಸಿನಿಮಾ ಸಂಗೀತವನ್ನೂ ಕಂಡು, ಕವಿಗಳ ಪದ್ಯವನ್ನು ವೇದಿಕೆಗೆ ತಂದರು. ಅವರ ಅಕ್ಕಪಕ್ಕದಲ್ಲಿ ನಿಂತು ಹಾಡಿದವರು ಮೋಹನ್ ಕುಮಾರಿ ಮತ್ತು ಸೋಹನ್ ಕುಮಾರಿ ಎಂಬ ಸೋದರಿಯರು. ಆ ಧ್ವನಿಮುದ್ರಣಗಳನ್ನು ಇಂದು ಕೇಳುವವರು ದಯವಿಟ್ಟು ಒಮ್ಮೆ ಕಾಳಿಂಗರಾಯರನ್ನು ಬಿಟ್ಟು ಆ ಇಬ್ಬರನ್ನೇ ಹಿಂಬಾಲಿಸಬೇಕು. ಗಂಡುದನಿ ತಗ್ಗಿನಲ್ಲಿ ಪದವನ್ನು ಬಿಡಿಸಿ ಇಡುತ್ತದೆ. ಸೋದರಿಯರು ಅದನ್ನೇ ಮೇಲಿನ ಸ್ಥಾಯಿಯಲ್ಲಿ ಎತ್ತಿಕೊಂಡಾಗ ಒಬ್ಬರ ಹಾಡು ಊರ ಹಾಡಾಗುತ್ತದೆ. ಅಲ್ಲಿ ಪಾಶ್ಚಾತ್ಯ ಅರ್ಥದ ಹಾರ್ಮನಿ ಇಲ್ಲ. ಮೂವರ ಉಸಿರು ಒಂದೇ ಕಡೆ ನಿಲ್ಲುತ್ತದೆ, ಮೂವರ ಉಚ್ಚಾರಣೆ ಒಂದೇ. ಇದು ಹಾರ್ಮನಿಗಿಂತ ಸುಲಭದ ಕೆಲಸವಲ್ಲ. 1981ರಲ್ಲಿ ಕಾಳಿಂಗರಾಯರು ತೀರಿಕೊಂಡರು. ಅವರ ನೆನಪಿನ ಕಾರ್ಯಕ್ರಮಗಳಲ್ಲಿ ಸೋದರಿಯರ ಹೆಸರು ಒಂದು ಸಾಲಿಗೆ ಮುಗಿಯುತ್ತದೆ.

ಆಮೇಲಿನದು ಮೈಸೂರಿನ ಕಾಲ. ಇಲ್ಲೇ 1936ರಲ್ಲಿ ಹುಟ್ಟಿದ ಮೈಸೂರು ಅನಂತಸ್ವಾಮಿ ಭಾವಗೀತೆಯನ್ನು ಮನೆಮನೆಯ ಹಾಡಾಗಿಸಿದರು. 1978ರಲ್ಲಿ ನಿಸಾರ್ ಅಹಮದರ ಪದ್ಯಗಳ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು. ಕ್ಯಾಸೆಟ್ ಹಾಡನ್ನು ಹರಡಿದ್ದು ನಿಜ, ಆದರೆ ಅದು ಏಕಕಂಠಕ್ಕೇ ಒಗ್ಗಿದ ಮಾಧ್ಯಮ. ಅನಂತಸ್ವಾಮಿಯವರ ಧಾಟಿ ಗುಂಪಿನ ಪಾಲಾದದ್ದು ಮುಖ್ಯವಾಗಿ ಕುವೆಂಪು ಅವರ ನಾಡಗೀತೆಯಿಂದ. 2004ರಲ್ಲಿ ಆ ಕವಿತೆ ಅಧಿಕೃತ ನಾಡಗೀತೆಯಾಯಿತು. ಯಾವ ಧಾಟಿ, ಎಷ್ಟು ಹೊತ್ತು ಎಂಬ ವಾದ ವರ್ಷಗಟ್ಟಲೆ ನಡೆದು, 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನೇ 2 ನಿಮಿಷ 30 ಸೆಕೆಂಡಿಗೆ ನಿಗದಿಪಡಿಸಿತು. ಶಾಲೆಯ ಮಕ್ಕಳೂ ಹಿರಿಯರೂ ಕೂಡಿ ಹಾಡಬೇಕಾದ ಹಾಡಿಗೆ ಎರಡನೆಯ ದನಿಯೊಂದನ್ನು ಬರೆಸುವ ಯೋಚನೆ ಆ ವಾದದ ನಡುವೆ ಕೇಳಿಬರಲಿಲ್ಲ.

ಎಪ್ಪತ್ತರ ದಶಕದಲ್ಲಿ ಗುಂಪುಹಾಡಿಗೆ ಬೇರೆಯದೇ ಕಸುವು ಬಂತು. ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ಸಿದ್ಧಲಿಂಗಯ್ಯನವರ ಹಾಡುಗಳನ್ನು ತಮಟೆಯೊಂದಿಗೆ ಹಾಡಿದರು, 1975ರಲ್ಲಿ ಹುಟ್ಟಿದ ‘ಸಮುದಾಯ’ ರಂಗಸಂಘಟನೆ ಜಾಥಾಗಳಲ್ಲಿ ಹಾಡಿತು. ಮೈಕಿಲ್ಲದ ಬೀದಿಯಲ್ಲಿ ಒಬ್ಬನ ದನಿ ಮುಟ್ಟುವುದಿಲ್ಲ, ಹತ್ತು ದನಿ ಬೇಕೇ ಬೇಕು. ಮೈಸೂರಿನಲ್ಲಿ ಜನಾರ್ದನ್ ಅವರು, ಎಲ್ಲರ ಬಾಯಲ್ಲಿ ಜನ್ನಿ, ಈ ಹಾಡಿಕೆಯನ್ನು ರಂಗಭೂಮಿಗೂ ಹೋರಾಟಕ್ಕೂ ಜೋಡಿಸಿದರು. ಇನ್ನೊಂದು ಕಡೆ ಬಿ.ವಿ. ಕಾರಂತರು ‘ಹಯವದನ’, ‘ಸತ್ತವರ ನೆರಳು’ ನಾಟಕಗಳಲ್ಲಿ ಮೇಳವನ್ನೇ ಒಂದು ಪಾತ್ರವಾಗಿಸಿದ್ದರು. 1989ರಲ್ಲಿ ಅವರ ನೇತೃತ್ವದಲ್ಲಿ ಮೈಸೂರಿಗೆ ರಂಗಾಯಣ ಬಂದ ಮೇಲೆ ಇಲ್ಲಿನ ನಟರಿಗೆ ಹಾಡು ದಿನದ ಅಭ್ಯಾಸವಾಯಿತು. ಒಬ್ಬ ಮಾತಾಡುವಾಗ ಉಳಿದವರು ಗುನುಗುವುದು, ಒಂದು ಗುಂಪು ಲಯವನ್ನಷ್ಟೇ ಬಾಯಲ್ಲಿ ನುಡಿಸುವುದು, ಇಂಥವು ಕಾರಂತರ ಕೈಯಲ್ಲಿ ಸಹಜವಾಗಿ ಅರಳಿದವು. ಕನ್ನಡದ್ದೇ ಆದ ಬಹುದನಿ ಹತ್ತಿರ ಬಂದದ್ದು ಇಲ್ಲಿ ಎಂದು ನನ್ನ ನಂಬಿಕೆ.

ಸಿನಿಮಾದ ಕೋರಸ್ಸು ಬೇರೆ ಮಾತು. ಮೈಸೂರಿನವರೇ ಆದ ರಾಜನ್–ನಾಗೇಂದ್ರ, ಆಮೇಲೆ ಹಂಸಲೇಖ ಅದನ್ನು ಸೊಗಸಾಗಿ ಬಳಸಿದರು. ಆದರೆ ಅದು ಮುದ್ರಣದ ದಿನ ಸೇರಿ ಸಂಜೆಗೆ ಚದುರುವ ಗುಂಪು.

ಕೂಡಿ ಬಾಳುವ ತಂಡಗಳು ಮತ್ತೆ ಕಂಡದ್ದು ಬ್ಯಾಂಡುಗಳಲ್ಲಿ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ 2008ರ ತಮ್ಮ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ಪದಗಳಿಗೆ ಗಿಟಾರ್ ಸೇರಿಸಿದರು. ಅವರ ತಮ್ಮ ವಾಸು ದೀಕ್ಷಿತ್ ‘ಸ್ವರಾತ್ಮ’ದಲ್ಲಿ ಹಾಡಿದರು. ಶರೀಫರ ಪದದ ಪಲ್ಲವಿಯನ್ನು ಸಭಿಕರೂ ಎತ್ತಿಕೊಂಡಾಗ ಕೇಳುವುದು ನೀಲಗಾರರ ಹಿಮ್ಮೇಳದ ವರಸೆಯೇ. ಮಂಗಳೂರಿನಲ್ಲಿ ಎರಿಕ್ ಒಝಾರಿಯೊ ಕಟ್ಟಿದ ಮಾಂಡ್ ಸೊಭಾಣ್ ಇನ್ನೂ ಮುಂದೆ ಹೋಯಿತು. 2008ರಲ್ಲಿ 40 ಗಂಟೆ ಬಿಡದೆ ಕೊಂಕಣಿ ಹಾಡಿ ಗಿನ್ನೆಸ್ ದಾಖಲೆ ಮಾಡಿದ ಸಂಸ್ಥೆ ಅದು. ಅದರದೇ ‘ಸುಮೇಳ್’ ಗಾಯಕವೃಂದ ಕೊಂಕಣಿಯ ದೇಸಿ ಧಾಟಿಗಳನ್ನು ಬಹುದನಿಯಲ್ಲಿ ಹಾಡುತ್ತದೆ. ಇಗರ್ಜಿಯಲ್ಲಿ ಕಲಿತ ವಿದ್ಯೆಯನ್ನು ಮನೆಯಂಗಳದ ಹಾಡಿಗೆ ತಂದ ಕೆಲಸ ಇದು.

ಕನ್ನಡಕ್ಕೆ ಅಂಥದೊಂದು ಕಾಯಂ ವೃಂದ ಬೇಕು. ಅದನ್ನು ಮೈಸೂರಿನಲ್ಲೇ ಶುರುಮಾಡಬಹುದು. ಸುಗಮ ಸಂಗೀತದ ತರಗತಿಯಲ್ಲಿ ಅರ್ಧ ಮಂದಿ ಷಡ್ಜ–ಪಂಚಮ ಹಿಡಿದು ನಿಂತು, ಉಳಿದರ್ಧ ಮಂದಿ ಪದ್ಯ ಹಾಡುವುದರಿಂದ ಆರಂಭಿಸಿದರೆ ಸಾಕು. ಹಾಡು ಮುಗಿದಾಗ ಅಷ್ಟೂ ಜನರ ಹೆಸರನ್ನು ಓದಬೇಕು.