ಗಣಕಕ್ಕೂ ತಾಳ್ಮೆ ಬೇಡುವ ಮಂಡಲಗಳು

ಆರ್‌ಪಿಸಿ ಲೇಔಟ್‌ನ ನಮ್ಮ ಮನೆಗೆ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಬಂದಿದ್ದ. 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಸ್ವಿಚಿಂಗ್ ಮಂಡಲ ಅವನ ಪ್ರಾಜೆಕ್ಟು. ಗಣಕದಲ್ಲಿ ಒಂದೊಂದು ಓಟಕ್ಕೆ ಅರ್ಧ ಗಂಟೆ; ಬಿಡಿಭಾಗಗಳನ್ನು ಇಪ್ಪತ್ತು ಬಾರಿಯಾದರೂ ಬದಲಿಸಿ ನೋಡಬೇಕು. "ಹೊಸ ಗಣಕ ಕೊಳ್ಳಲೇ ಸರ್?" ಎಂದ.

ನೀವೇ ಲೆಕ್ಕ ಹಾಕಿ. ಸ್ವಿಚ್ಚಿನ ಆವೃತ್ತಿ 100 ಕಿಲೋಹರ್ಟ್ಸ್ ಆದರೆ ಒಂದು ಆವರ್ತಕ್ಕೆ 10 ಮೈಕ್ರೋಸೆಕೆಂಡು. ವಿಭವ ನೆಲೆಗೊಳ್ಳಲು 10 ಮಿಲಿಸೆಕೆಂಡು ಬೇಕೆಂದರೆ ಸಾವಿರ ಆವರ್ತಗಳು. ಆವರ್ತಕ್ಕೆ ನೂರು ಹೆಜ್ಜೆಯಂತೆ ಒಂದು ಲಕ್ಷ ಹೆಜ್ಜೆ. ಪ್ರತಿ ಹೆಜ್ಜೆಯಲ್ಲೂ ನ್ಯೂಟನ್-ರಾಫ್ಸನ್ ವಿಧಾನದಿಂದ ಮೂರು ನಾಲ್ಕು ಬಾರಿ ಮಾತೃಕೆಯನ್ನು ಬಿಡಿಸಬೇಕು!

ಈ ಹೊರೆಯನ್ನು ಇಳಿಸುವ ಯತ್ನ ಹಳೆಯದು. 1970ರ ಸುಮಾರಿಗೆ ಅಮೆರಿಕದ ಬರ್ಕ್ಲಿಯಲ್ಲಿ ರೋರರ್ ಅವರ ತರಗತಿಯಿಂದ ಹುಟ್ಟಿದ ತಂತ್ರಾಂಶದ ಹೆಸರು 'ಕ್ಯಾನ್ಸರ್'. (ವಿಕಿರಣದ ಪರಿಣಾಮವನ್ನು ಲೆಕ್ಕಕ್ಕೆ ಸೇರಿಸಿಲ್ಲವೆಂಬ ಮಾತೂ ಆ ಹೆಸರಿನಲ್ಲೇ ಅಡಗಿತ್ತು.) ಅದರಿಂದ ಬೆಳೆದ 'ಸ್ಪೈಸ್' ಅನ್ನು ನಾಗೆಲ್ ಮತ್ತು ಪೆಡರ್ಸನ್ 1973ರಲ್ಲಿ ಕೆನಡಾದ ವಾಟರ್‌ಲೂನಲ್ಲಿ ಪ್ರಕಟಿಸಿದರು. ನೂರು ಸಂಧಿಗಳ ಮಂಡಲದ ಮಾತೃಕೆಯಲ್ಲಿ ಹತ್ತು ಸಾವಿರ ಮನೆಗಳಿದ್ದರೂ, ಪ್ರತಿ ಸಂಧಿಗೆ ಮೂರು ನಾಲ್ಕು ನೆರೆಯವರಷ್ಟೇ ಇರುವುದರಿಂದ ತುಂಬಿರುವುದು ಸುಮಾರು ನಾನೂರೈವತ್ತು. ಸೊನ್ನೆಗಳನ್ನು ಮುಟ್ಟದಿರುವುದೇ ಮೊದಲ ಉಪಾಯ. 1975ರ ಸ್ಪೈಸ್-2 ಹೆಜ್ಜೆಯ ಉದ್ದವನ್ನು ತಾನೇ ಹಿಗ್ಗಿಸಿ ಕುಗ್ಗಿಸತೊಡಗಿತು. ಆದರೆ ಸ್ವಿಚ್ಚು ಬಡಿದಾಗಲೆಲ್ಲ ಹೆಜ್ಜೆ ಮತ್ತೆ ಕಿರಿದಾಗುತ್ತದೆ. ನಮ್ಮ ಹುಡುಗನ ತೊಂದರೆ ಇದೇ.

1976ರಲ್ಲಿ ಕ್ಯಾಲ್ಟೆಕ್‌ನ ಮಿಡಲ್‌ಬ್ರುಕ್ ಮತ್ತು ಚೂಕ್ ಬೇರೆ ದಾರಿ ಹಿಡಿದರು: ಸ್ವಿಚ್ಚಿನ ಎರಡು ಸ್ಥಿತಿಗಳ ಸಮೀಕರಣಗಳನ್ನು ಅವುಗಳ ಕಾಲಾಂಶಕ್ಕೆ ತಕ್ಕಂತೆ ಸರಾಸರಿ ಮಾಡಿದರೆ ಬಡಿತವೇ ಮಾಯ. ಕ್ಯಾಲ್ಟೆಕ್‌ನಲ್ಲಿ ಸಂಶೋಧನೆ ನಡೆಸಿ ಬಂದ ವಿ. ರಾಮನಾರಾಯಣನ್ ಈ ವಿದ್ಯೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿಸಿದರು. ಅವರ ಪಾಠ ಟಿಪ್ಪಣಿಗಳನ್ನು ವಿದ್ಯಾರ್ಥಿಗಳು ಓದಲೇಬೇಕೆಂಬುದು ನನ್ನ ಅಭಿಪ್ರಾಯ.

ಸರಾಸರಿ ಮಾದರಿ ಅವನಿಗೆ ಕ್ಷಣದಲ್ಲಿ ಉತ್ತರ ಕೊಟ್ಟಿತು: ಪ್ರೇರಕದಲ್ಲಿ 2 ಆಂಪೇರ್. ಅವನು ತಂದಿದ್ದ 22 ಮೈಕ್ರೋಹೆನ್ರಿಯ ಸುರುಳಿ ತಾಳುವುದು 2.5 ಆಂಪೇರ್, ಆದ್ದರಿಂದ ನಿಶ್ಚಿಂತೆಯಿಂದ ಬೆಸುಗೆ ಹಾಕಲು ಹೊರಟಿದ್ದ. ತಡೆದೆ. ಸ್ವಿಚ್ಚು ತೆರೆದು ಮುಚ್ಚುವಾಗಿನ ಏರಿಳಿತ 1.3 ಆಂಪೇರ್‌ಗೂ ಹೆಚ್ಚು, ಶಿಖರ 2.66 ಮುಟ್ಟುತ್ತದೆ. ಸರಾಸರಿ ಅಳಿಸಿಹಾಕಿದ್ದು ಇದನ್ನೇ.

ಕೊನೆಗೆ ಧಾರಕಕ್ಕೆ 5 ವೋಲ್ಟ್, ಸುರುಳಿಗೆ 2 ಆಂಪೇರ್ ಎಂದು ಆರಂಭಿಕ ಬೆಲೆಗಳನ್ನು ಕೊಟ್ಟು ಪೂರ್ಣ ಮಂಡಲವನ್ನೇ ಓಡಿಸಿದೆವು. ಸಾವಿರ ಆವರ್ತಗಳ ಬದಲು ಇಪ್ಪತ್ತು ಸಾಕಾದವು. ಕಾಫಿ ಆರುವಷ್ಟರಲ್ಲಿ ಶಿಖರ ಪರದೆಯ ಮೇಲಿತ್ತು. ಅವನು ದೊಡ್ಡ ಸುರುಳಿ ತರಲು ಎಸ್.ಪಿ. ರಸ್ತೆಗೆ ಹೊರಟ.