ದಕ್ಷಿಣ ಲುವಾಂಗ್ವಾ ರಾಷ್ಟ್ರೀಯ ಉದ್ಯಾನ

ದಕ್ಷಿಣ ಲುವಾಂಗ್ವಾ ರಾಷ್ಟ್ರೀಯ ಉದ್ಯಾನವು ಆಫ್ರಿಕಾ ಖಂಡದ ಜಾಂಬಿಯಾ ದೇಶದ ಪೂರ್ವಭಾಗದಲ್ಲಿರುವ ವನ್ಯಜೀವಿ ಸಂರಕ್ಷಿತ ಪ್ರದೇಶ. ಇದರ ವಿಸ್ತೀರ್ಣ ಸುಮಾರು 9,050 ಚದರ ಕಿಲೋಮೀಟರ್. ವಾಹನವನ್ನು ಬಿಟ್ಟು ಕಾಲ್ನಡಿಗೆಯಲ್ಲಿ ವನ್ಯಮೃಗಗಳನ್ನು ನೋಡುವ ‘ನಡಿಗೆ ಸಫಾರಿ’ಯು ಪ್ರವಾಸದ ಒಂದು ಪದ್ಧತಿಯಾಗಿ ಬೆಳೆದದ್ದು ಇಲ್ಲಿ. ಕಾಡಿನಿಂದ ಬರುವ ಆದಾಯದಲ್ಲಿ ಸ್ಥಳೀಯ ಜನರಿಗೂ ಪಾಲು ಸಲ್ಲಬೇಕೆಂಬ ವಿಚಾರವು ಆಫ್ರಿಕಾದಲ್ಲಿ ಮೊದಮೊದಲು ಪ್ರಯೋಗಕ್ಕೆ ಬಂದ ಸ್ಥಳಗಳಲ್ಲಿ ಇದೂ ಒಂದು. ‘ಸಫಾರಿ’ ಎಂಬುದು ಸ್ವಾಹಿಲಿ ಭಾಷೆಯ ಪದ. ‘ಪ್ರಯಾಣ’ ಎಂದು ಅದರ ಅರ್ಥ. ಇದು ಅರಬ್ಬೀ ಮೂಲದ್ದಾಗಿದ್ದು, ಹಿಂದಿ-ಉರ್ದುಗಳ ‘ಸಫರ್’ ಪದವೂ ಅದೇ ಮೂಲದಿಂದ ಬಂದಿದೆ.

ಭೌಗೋಳಿಕ ಲಕ್ಷಣಗಳು

ಉದ್ಯಾನದ ಬಹುಭಾಗವು ಲುವಾಂಗ್ವಾ ನದಿಯ ಪಶ್ಚಿಮಕ್ಕಿದೆ. ಮತ್ತಷ್ಟು ಪಶ್ಚಿಮದಲ್ಲಿ ಮುಚಿಂಗಾ ಪರ್ವತಶ್ರೇಣಿಯು ಗೋಡೆಯಂತೆ ನಿಂತಿದೆ. ನದಿಯ ಮುಖ್ಯ ಹರಿವಿಗೆ ಅಣೆಕಟ್ಟು ಇಲ್ಲದಿರುವುದರಿಂದ ಪ್ರತಿ ಮಳೆಗಾಲದಲ್ಲಿಯೂ ಅದು ದಡಗಳನ್ನು ಕೊರೆದು ಪಾತ್ರವನ್ನು ಬದಲಿಸುತ್ತದೆ. ಬಿಟ್ಟುಹೋದ ಹಳೆಯ ತಿರುವುಗಳು ಲಾಳಾಕಾರದ ಕೊಳಗಳಾಗಿ ಉಳಿಯುತ್ತವೆ. ಅಂತಿಮವಾಗಿ ಈ ನದಿಯು ಜಾಂಬೆಜಿ ನದಿಯನ್ನು ಸೇರುತ್ತದೆ.

ಮಳೆಗಾಲವು ಸಾಮಾನ್ಯವಾಗಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಇರುತ್ತದೆ. ಆಗ ಎರೆಮಣ್ಣಿನ ದಾರಿಗಳು ಕೆಸರಾಗಿ ವಾಹನ ಸಂಚಾರ ಅಸಾಧ್ಯವಾಗುವುದರಿಂದ ಒಳಕಾಡಿನ ಬಿಡಾರಗಳನ್ನು ಮುಚ್ಚಲಾಗುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಒಣಗಾಲವು ಪ್ರವಾಸಕ್ಕೆ ತಕ್ಕ ಕಾಲ.

ಜೀವಸಂಪತ್ತು

ಒಣಗಾಲದಲ್ಲಿ ನೀರು ಇಳಿದಂತೆ ನೀರುಕುದುರೆಗಳು ಉಳಿದ ಮಡುಗಳಲ್ಲಿ ಒತ್ತೊತ್ತಾಗಿ ಸೇರುತ್ತವೆ. ಆನೆ, ಸಿಂಹ, ಆಫ್ರಿಕಾದ ಕಾಡೆಮ್ಮೆ, ಮೊಸಳೆ ಮತ್ತು ಕಾಡುನಾಯಿಗಳು ಇಲ್ಲಿವೆ. ಚಿರತೆಗಳ ಸಂಖ್ಯೆ ಹೆಚ್ಚಿದ್ದು, ರಾತ್ರಿಯ ಸಫಾರಿಯಲ್ಲಿ ಅವುಗಳನ್ನು ಕಾಣುವ ಸಂಭವವೂ ಹೆಚ್ಚು. ಥಾರ್ನಿಕ್ರಾಫ್ಟ್ ಜಿರಾಫೆಯು ಲುವಾಂಗ್ವಾ ಕಣಿವೆಯನ್ನು ಬಿಟ್ಟು ಬೇರೆಲ್ಲಿಯೂ ನಿಸರ್ಗದಲ್ಲಿ ಕಾಣಸಿಗುವುದಿಲ್ಲ. ಸೆಪ್ಟೆಂಬರ್ ವೇಳೆಗೆ ಕಡುಗೆಂಪು ಬಣ್ಣದ ಕಳ್ಳಿಪೀರ ಹಕ್ಕಿಗಳು ನದಿಯ ಕಡಿದಾದ ದಡಗಳಲ್ಲಿ ಬಿಲ ಕೊರೆದು ಗೂಡು ಮಾಡುತ್ತವೆ. ಇಲ್ಲಿನ ಬವೋಬಾಬ್ ಮರಗಳು, ಕರ್ನಾಟಕದ ಸವಣೂರಿನಲ್ಲಿ ‘ದೊಡ್ಡ ಹುಣಸೆ’ ಎಂದು ಹೆಸರಾದ ಮರಗಳ ಜಾತಿಯವೇ ಆಗಿವೆ.

ಇತಿಹಾಸ

ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ, 1938ರಲ್ಲಿ, ಈ ಪ್ರದೇಶವನ್ನು ಮೃಗಸಂರಕ್ಷಣಾ ಪ್ರದೇಶವೆಂದು ಘೋಷಿಸಲಾಯಿತು. ಅಂದಿನ ದಿನಗಳಲ್ಲಿ ಸಫಾರಿಯೆಂದರೆ ಬಹುಮಟ್ಟಿಗೆ ಬೇಟೆಯೇ ಆಗಿತ್ತು. ಬೆಳೆ ಹಾಳುಮಾಡುವ ಆನೆಗಳನ್ನು ನಿಯಂತ್ರಿಸುವ ಅಧಿಕಾರಿಯಾಗಿ ಇಲ್ಲಿಗೆ ಬಂದ ನಾರ್ಮನ್ ಕಾರ್ (1912–1997) ಬೇರೆಯ ದಾರಿಯನ್ನು ಯೋಚಿಸಿದರು. 1950ರಲ್ಲಿ ಅವರು ಕುಂದಾ ಜನರ ಮುಖಂಡರಾದ ನ್ಸೆಫು ಅವರ ಮನವೊಲಿಸಿ, ಅವರ ಭೂಮಿಯಲ್ಲಿ ಪ್ರವಾಸಿಗರಿಗಾಗಿ ಬಿಡಾರವನ್ನು ತೆರೆದರು. ಅದರ ಶುಲ್ಕವು ಸ್ಥಳೀಯ ಸಮುದಾಯಕ್ಕೆ ಸಲ್ಲುತ್ತಿತ್ತು. ಮುಂದೆ ಕಾರ್ ನಡಿಗೆ ಸಫಾರಿಗಳನ್ನು ಜನಪ್ರಿಯಗೊಳಿಸಿದರು. 1964ರಲ್ಲಿ ಜಾಂಬಿಯಾ ಸ್ವತಂತ್ರವಾಯಿತು. 1972ರಲ್ಲಿ ಈ ಪ್ರದೇಶವು ರಾಷ್ಟ್ರೀಯ ಉದ್ಯಾನವಾಯಿತು.

ನಡಿಗೆ ಸಫಾರಿಯ ಕ್ರಮ

ಬಿಸಿಲೇರುವ ಮುನ್ನವೇ ನಡಿಗೆ ಆರಂಭವಾಗುತ್ತದೆ. ಬಂದೂಕು ಹಿಡಿದ ಅರಣ್ಯ ರಕ್ಷಕನು ಮುಂದೆ, ಅವನ ಹಿಂದೆ ಮಾರ್ಗದರ್ಶಿ, ಅನಂತರ ಪ್ರವಾಸಿಗರ ಸಣ್ಣ ಗುಂಪು ಒಂದೇ ಸಾಲಿನಲ್ಲಿ ಸಾಗುತ್ತದೆ. ಕಾಡಿನ ಬಣ್ಣಕ್ಕೆ ಹೊಂದುವ ಮಾಸಲು ಉಡುಪು ಅಗತ್ಯ. ಕಪ್ಪು ಮತ್ತು ಕಡುನೀಲಿ ಬಟ್ಟೆಗಳು ನಿದ್ರಾರೋಗವನ್ನು ಹರಡಬಲ್ಲ ತ್ಸೆತ್ಸೆ ನೊಣಗಳನ್ನು ಆಕರ್ಷಿಸುವುದರಿಂದ ಅವು ವರ್ಜ್ಯ.

ಪ್ರಾಣಿಗಳಿಗೆ ಮನುಷ್ಯರ ವಾಸನೆ ತಾಗದಂತೆ ಮಾರ್ಗದರ್ಶಿಯು ಗಾಳಿಯ ದಿಕ್ಕನ್ನು ಗಮನಿಸಿ ದಾರಿ ಆರಿಸುತ್ತಾನೆ. ಹೆಜ್ಜೆಗುರುತು ಮತ್ತು ಲದ್ದಿಯನ್ನು ನೋಡಿ ಪ್ರಾಣಿಯು ಯಾವಾಗ, ಎತ್ತ ಹೋಯಿತೆಂದು ತಿಳಿಯುತ್ತಾನೆ. ಕಾಡೆಮ್ಮೆಗಳ ಮೈಮೇಲೆ ಕುಳಿತು ಉಣ್ಣೆಹುಳುಗಳನ್ನು ತಿನ್ನುವ ಹಕ್ಕಿಗಳ ಕೂಗು, ಪೊದೆಯ ಹಿಂದೆ ಹಿಂಡು ಇರಬಹುದೆಂಬ ಎಚ್ಚರಿಕೆ. ಅಪಾಯ ಎದುರಾದಾಗ ಓಡಬಾರದು, ಮಾರ್ಗದರ್ಶಿಯ ಸೂಚನೆಯನ್ನು ಪಾಲಿಸಬೇಕು ಎಂಬುದು ಮೊದಲ ನಿಯಮ. ಸಿಂಹವನ್ನು ಹತ್ತಿರದಿಂದ ನೋಡುವುದಷ್ಟೇ ಈ ನಡಿಗೆಯ ಗುರಿಯಲ್ಲ. ವಾಹನದಿಂದ ಕಾಣದ ಗೆದ್ದಲಿನ ಹುತ್ತ, ಕೀಟ, ಗಿಡಮೂಲಿಕೆಗಳನ್ನೂ ಇಲ್ಲಿ ಪರಿಚಯಿಸಲಾಗುತ್ತದೆ.

ಸಂರಕ್ಷಣೆಯ ಸವಾಲುಗಳು

1970 ಮತ್ತು 1980ರ ದಶಕಗಳ ಕಳ್ಳಬೇಟೆಯು ಕಣಿವೆಯನ್ನು ತೀವ್ರವಾಗಿ ಬಾಧಿಸಿತು. ದಂತಕ್ಕಾಗಿ ಅಪಾರ ಸಂಖ್ಯೆಯ ಆನೆಗಳು ಹತವಾದವು. ಕಪ್ಪು ಖಡ್ಗಮೃಗವು ಸಂಪೂರ್ಣವಾಗಿ ಇಲ್ಲವಾಯಿತು. ನೆರೆಯ ಉತ್ತರ ಲುವಾಂಗ್ವಾ ಉದ್ಯಾನದಲ್ಲಿ 2003ರಿಂದ ಖಡ್ಗಮೃಗಗಳನ್ನು ಮತ್ತೆ ತಂದು ನೆಲೆಗೊಳಿಸಲಾಗಿದೆ.

ಉದ್ಯಾನಕ್ಕೆ ಬೇಲಿಯಿಲ್ಲ. ಆನೆಗಳು ನದಿಯನ್ನು ದಾಟಿ ಹಳ್ಳಿಗಳ ಜೋಳದ ಹೊಲಗಳಿಗೆ ನುಗ್ಗುತ್ತವೆ. ಒಂದೇ ರಾತ್ರಿಯಲ್ಲಿ ವರ್ಷದ ಅನ್ನವನ್ನೇ ಕಳೆದುಕೊಳ್ಳುವ ರೈತನಿಗೆ ಆನೆಯು ಪ್ರವಾಸಿಗನಿಗೆ ಕಾಣುವಂತೆ ಕಾಣುವುದಿಲ್ಲ. ಮೆಣಸಿನಕಾಯಿಯ ಘಾಟನ್ನು ಬಳಸಿ ಆನೆಗಳನ್ನು ದೂರವಿಡುವ ಕ್ರಮವು ಇಲ್ಲಿ ರೂಢಿಯಲ್ಲಿದೆ.

ಮಾರ್ಗದರ್ಶಿ, ಅಡುಗೆಯವರು, ಚಾಲಕರು ಮುಂತಾದ ಉದ್ಯೋಗಗಳಿಂದ ಅನೇಕ ಕುಟುಂಬಗಳು ಸಫಾರಿಯನ್ನೇ ಅವಲಂಬಿಸಿವೆ. 2020ರಲ್ಲಿ ಕೋವಿಡ್ ಕಾರಣದಿಂದ ವಿದೇಶೀ ಪ್ರವಾಸ ಸ್ಥಗಿತಗೊಂಡಾಗ ಈ ಅವಲಂಬನೆಯ ಅಪಾಯವೂ ಸ್ಪಷ್ಟವಾಯಿತು. ಕಾಡು ಉಳಿದರೆ ತಮ್ಮ ಬದುಕೂ ಉಳಿಯುತ್ತದೆ ಎಂಬ ಭರವಸೆಯನ್ನು ಕಾಡಂಚಿನ ಜನರಲ್ಲಿ ಉಳಿಸಿಕೊಳ್ಳುವುದು 1950ರಂತೆ ಇಂದಿಗೂ ಈ ಉದ್ಯಾನದ ಮುಖ್ಯ ಪ್ರಶ್ನೆಯಾಗಿದೆ.