ಸೈದಾಪೇಟೆಯಿಂದ ಉಪಗ್ರಹದವರೆಗೆ: ವಿಜ್ಞಾನದ ಉಪಾಧ್ಯಾಯರ ತರಬೇತಿ

ಈ ನಗರದ ಸೈದಾಪೇಟೆಯ ಉಪಾಧ್ಯಾಯರ ಕಾಲೇಜಿನ ಹೆಸರನ್ನು ಕೇಳದ ಹಳೆಯ ತಲೆಮಾರಿನ ಕನ್ನಡಿಗರು ವಿರಳ. ಸರ್ ಚಾರ್ಲ್ಸ್ ವುಡ್ಡನ 1854ರ ಶಿಕ್ಷಣ ನಿರೂಪವು ಉಪಾಧ್ಯಾಯರ ತರಬೇತಿಗೆ ಪ್ರತ್ಯೇಕ ಶಾಲೆಗಳಿರಬೇಕೆಂದು ವಿಧಿಸಿತು. ಅದರ ಫಲವಾಗಿ 1856ರಲ್ಲಿ ಮದರಾಸಿನಲ್ಲಿ ಹುಟ್ಟಿದ ಸರ್ಕಾರಿ ನಾರ್ಮಲ್ ಸ್ಕೂಲೇ ಮುಂದೆ ಬೆಳೆದು, ಆ ಶತಮಾನವು ಮುಗಿಯುವ ಮುನ್ನ ಸೈದಾಪೇಟೆಯಲ್ಲಿ ನೆಲೆಗೊಂಡಿತು. ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲಗಳು ಮದರಾಸು ಆಧಿಪತ್ಯಕ್ಕೆ ಸೇರಿದ್ದ ಕಾಲವದು. ಆ ಸೀಮೆಗಳ ಪದವೀಧರನು ಹೈಸ್ಕೂಲಿನ ಉಪಾಧ್ಯಾಯನಾಗಬಯಸಿದರೆ ಎಲ್.ಟಿ. ಪರೀಕ್ಷೆಗಾಗಿ ಆತನು ಹಿಡಿಯುತ್ತಿದ್ದ ಹೆದ್ದಾರಿ ಸೈದಾಪೇಟೆಯದು. ಅಂಥವರಲ್ಲಿ ವಿಜ್ಞಾನವನ್ನು ಬೋಧಿಸಲಿದ್ದ ತರುಣನಿಗೆ ಪಾಠದ ಸಲಕರಣೆಗಳು ಹೇಗೆ ಕೈವಶವಾದುವು, ಮುಂದಿನ ತಲೆಮಾರುಗಳಲ್ಲಿ ಆ ಶಿಕ್ಷಣವು ಯಾವ ರೂಪವನ್ನು ತಾಳಿತು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಜ್ಞಾನ ಪಾಠದ ಸಲಕರಣೆಗಳೆಂದರೆ ಕರಿಹಲಗೆ, ನಕ್ಷೆ, ವಾಯುರೇಚಕ ಯಂತ್ರ, ವಾಯುಭಾರಮಾಪಕ, ಇವೆಲ್ಲಕ್ಕೂ ಮಿಗಿಲಾಗಿ ಮ್ಯಾಜಿಕ್ ಲಾಂದ್ರ. ಇದರ ರಚನೆ ಸರಳ. ಪೆಟ್ಟಿಗೆಯೊಳಗೊಂದು ದೀಪ, ಅದರ ಮುಂದೆ ಗಾಜಿನ ಮೇಲೆ ಮೂಡಿಸಿದ ಚಿತ್ರ, ಆಚೆಗೆ ಮಸೂರ. ಮಸೂರವು ಬಿಂಬವನ್ನು ತಲೆಕೆಳಗು ಮಾಡುವುದರಿಂದ ಚಿತ್ರದ ಗಾಜನ್ನೇ ಬುಡಮೇಲಾಗಿ ಇಡಬೇಕು. ಈ ಸಣ್ಣ ಸಂಗತಿಯಲ್ಲಿ ಒಂದು ದೊಡ್ಡ ಪಾಠವಿದೆ. ಗಾಜನ್ನು ತಿರುಗಿಸಿಡಲು ಮಾತ್ರ ಬಲ್ಲವನು ಲಾಂದ್ರವನ್ನು ನಡೆಸಬಲ್ಲನು. ಏಕೆ ತಿರುಗಿಸಬೇಕೆಂಬುದನ್ನು ಮಕ್ಕಳಿಗೆ ತಿಳಿಹೇಳುವವನು ಆ ಲಾಂದ್ರದಿಂದಲೇ ಬೆಳಕಿನ ಶಾಸ್ತ್ರವನ್ನು ಬೋಧಿಸಬಲ್ಲನು. ತರಬೇತಿಯ ಕಾಲೇಜು ಮಾಡಬೇಕಾದ ಕೆಲಸ ಮೊದಲನೆಯವನನ್ನು ಎರಡನೆಯವನನ್ನಾಗಿ ಮಾಡುವುದೇ.

ಆದರೆ ಕನ್ನಡ ಸೀಮೆಯಿಂದ ಬಂದವನಿಗೆ ಮತ್ತೊಂದು ತೊಡಕಿತ್ತು. ಅವನು ಕಲಿತದ್ದು ಆಂಗ್ಲಭಾಷೆಯಲ್ಲಿ. ಅವನ ಅಭ್ಯಾಸಪಾಠಗಳೂ ಅದೇ ಭಾಷೆಯಲ್ಲಿ, ಅದೂ ತಮಿಳು ನಗರದ ವಿದ್ಯಾರ್ಥಿಗಳೆದುರಿಗೆ. ಊರಿಗೆ ಹಿಂದಿರುಗಿದಾಗ ಕೈಯಲ್ಲಿ ವಿದ್ಯೆಯಿದ್ದರೂ ಬಾಯಲ್ಲಿ ಮಾತಿಲ್ಲ. ಯಂತ್ರದ ಅಂಗಾಂಗಗಳಿಗೆ ಕನ್ನಡದ ಹೆಸರನ್ನು ಅವನೇ ಹುಡುಕಿಕೊಳ್ಳಬೇಕು. ಈ ಕೊರತೆಯನ್ನು ನೀಗುವ ಗಣ್ಯ ಪ್ರಯತ್ನ ನಡೆದದ್ದು ಮದರಾಸಿನಲ್ಲಲ್ಲ, ಬೆಂಗಳೂರಿನಲ್ಲಿ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 1918ರಲ್ಲಿ 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರಡಿಸಿದರು. ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದವರು. ಪತ್ರಿಕೆ ದೀರ್ಘಾಯುವಾಗಲಿಲ್ಲ, ಆದರೂ ಪ್ರಯೋಗಶಾಲೆಯ ಮಾತನ್ನು ಕನ್ನಡದಲ್ಲಿ ಆಡಬಹುದೆಂಬುದನ್ನು ಅದು ತೋರಿಸಿಕೊಟ್ಟಿತು.

ಸಲಕರಣೆಗಳ ಇತಿಹಾಸದಲ್ಲಿ ಬೀರುವಿನ ಬೀಗಕ್ಕೂ ಒಂದು ಸ್ಥಾನವುಂಟು. ಶಾಲೆಯ ಸಾಮಾನಿನ ಪಟ್ಟಿಯಲ್ಲಿ ಪ್ರತಿಯೊಂದು ಗಾಜಿನ ನಳಿಗೆಯೂ ದಾಖಲಾಗಿರುತ್ತದೆ. ಒಡೆದರೆ ಲೆಕ್ಕ ಒಪ್ಪಿಸಬೇಕಾದ ಉಪಾಧ್ಯಾಯನು ಅದನ್ನು ಹೊರತೆಗೆಯದಿರುವುದೇ ಕ್ಷೇಮವೆಂದು ಭಾವಿಸಿದರೆ ಆಶ್ಚರ್ಯವೇನು? ವೃತ್ತಿಯಿಂದ ಲೆಕ್ಕದ ಪುಸ್ತಕಗಳ ನಡುವೆ ಇರುವ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಪಟ್ಟಿಯಲ್ಲಿ ವಸ್ತುವಿನ ಬೆಲೆಗೆ ಅಂಕಣವಿದೆ. ಅದನ್ನು ಬಳಸಿದ ಗಂಟೆಗಳಿಗೆ ಅಂಕಣವಿಲ್ಲ. ಯುನೆಸ್ಕೋ ಸಂಸ್ಥೆ 1956ರಲ್ಲಿ ಪ್ರಕಟಿಸಿದ ವಿಜ್ಞಾನ ಬೋಧನೆಯ ಆಕರಗ್ರಂಥವು ಈ ಭಯಕ್ಕೆ ಒಳ್ಳೆಯ ಮದ್ದಾಯಿತು. ಯುದ್ಧದಿಂದ ಹಾಳಾದ ದೇಶಗಳ ಶಾಲೆಗಳಿಗಾಗಿ ಸಿದ್ಧಪಡಿಸಿದ ಕಿರುಹೊತ್ತಗೆಯಿಂದ ಬೆಳೆದ ಆ ಗ್ರಂಥದ ತತ್ತ್ವವೆಂದರೆ, ಉಪಕರಣವನ್ನು ಕೊಳ್ಳುವುದಕ್ಕೆ ಬದಲಾಗಿ ಕೈಗೆ ಸಿಕ್ಕುವ ಸಾಮಗ್ರಿಯಿಂದ ಮಾಡಿಕೊಳ್ಳುವುದು. ಕೆಟ್ಟುಹೋದ ವಿದ್ಯುದ್ದೀಪದ ಬುರುಡೆಗೆ ನೀರು ತುಂಬಿದರೆ ಅದೇ ಮಸೂರ. ಒಡೆದರೆ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ.

ಈ ನಡುವೆ ರಾಜ್ಯಗಳ ಗಡಿಗಳು ಬದಲಾದುವು. 1953ರಲ್ಲಿ ಬಳ್ಳಾರಿಯೂ 1956ರಲ್ಲಿ ದಕ್ಷಿಣ ಕನ್ನಡ, ಕೊಳ್ಳೇಗಾಲಗಳೂ ಮೈಸೂರಿಗೆ ಸೇರಿದುವು. ಕಾಸರಗೋಡು ಕೇರಳಕ್ಕೆ ಹೋಯಿತು. ಸೈದಾಪೇಟೆಯ ಹಾದಿಯಲ್ಲಿ ಕನ್ನಡಿಗರ ಸಂಚಾರ ಕಡಿಮೆಯಾಯಿತು. 1963ರಲ್ಲಿ ಅಜ್ಮೀರ, ಭೋಪಾಲ, ಭುವನೇಶ್ವರಗಳೊಡನೆ ಮೈಸೂರಿನಲ್ಲಿಯೂ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯವು ಆರಂಭವಾದಾಗ ಹಾದಿಯ ದಿಕ್ಕೇ ತಿರುಗಿತೆನ್ನಬಹುದು. ದಕ್ಷಿಣದ ರಾಜ್ಯಗಳಿಗೆಲ್ಲ ಮೀಸಲಾದ ಆ ವಿದ್ಯಾಲಯಕ್ಕೆ ಮದರಾಸಿನ ತರುಣರು ಮೈಸೂರಿನ ರೈಲನ್ನು ಹಿಡಿಯುವಂತಾಯಿತು. ಮೊದಲು ಪದವಿ, ಅನಂತರ ತರಬೇತಿ ಎಂಬ ಹಳೆಯ ಕ್ರಮವನ್ನು ಬಿಟ್ಟು, ವಿಜ್ಞಾನವನ್ನೂ ಬೋಧನಕಲೆಯನ್ನೂ ನಾಲ್ಕು ವರ್ಷಗಳ ಒಂದೇ ವ್ಯಾಸಂಗದಲ್ಲಿ ಹೆಣೆದುದು ಅದರ ವಿಶೇಷ.

ತರಬೇತಿಯು ಕನ್ನಡದಲ್ಲಿಯೇ ಹಳ್ಳಿಯ ಉಪಾಧ್ಯಾಯನ ಬಳಿಗೆ ಬಂದದ್ದು ಆಕಾಶಮಾರ್ಗವಾಗಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಗ್ರಾಮಗಳಿಗೆ ದೂರದರ್ಶನವನ್ನು ಮುಟ್ಟಿಸುವ 'ಸೈಟ್' ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಇದಕ್ಕೆ ಆಯ್ಕೆಯಾದುವು. ತಂತಿಬಲೆಯ ದೊಡ್ಡ ಬೋಗುಣಿಯಂತಹ ಆಂಟೆನಾ ಹಳ್ಳಿಯ ಶಾಲೆಯ ಬಳಿ ನಿಂತಿತು. ಬೆಳಗಿನ ಪ್ರಸಾರದಲ್ಲಿ ಹಿಂದಿ, ಒರಿಯಾ, ತೆಲುಗು, ಕನ್ನಡಗಳಿಗೆ ತಲಾ ಇಪ್ಪತ್ತೆರಡೂವರೆ ನಿಮಿಷ. ಕನ್ನಡ ಕಾರ್ಯಕ್ರಮಗಳ ತಯಾರಿಕೆಯ ಕೇಂದ್ರವು ಹೈದರಾಬಾದಿನಲ್ಲಿತ್ತೆಂಬುದನ್ನು ಹೊರನಾಡಿನಲ್ಲಿರುವ ನಾವು ನೆನೆಯತಕ್ಕದ್ದು.

ಆ ವರ್ಷದ ಅಕ್ಟೋಬರಿನಲ್ಲಿ ಪ್ರಾಥಮಿಕ ಶಾಲೆಗಳ ಸುಮಾರು 24,000 ಉಪಾಧ್ಯಾಯರಿಗೆ ಹನ್ನೆರಡು ದಿನಗಳ ವಿಜ್ಞಾನ ತರಬೇತಿಯು ಏಕಕಾಲದಲ್ಲಿ ನಡೆಯಿತು. ರಾಷ್ಟ್ರೀಯ ಶಿಕ್ಷಣ ಸಂಶೋಧನಾ ಮಂಡಲಿಯ ಶೈಕ್ಷಣಿಕ ತಂತ್ರಜ್ಞಾನ ಕೇಂದ್ರವು ರೂಪಿಸಿದ ಈ ತರಬೇತಿಯ ಬಲವು ದೂರದರ್ಶನವೊಂದರಲ್ಲೇ ಇರಲಿಲ್ಲ. ಅದರೊಡನೆ ರೇಡಿಯೋ ಇತ್ತು, ಮುದ್ರಿತ ಕೈಪಿಡಿಯಿತ್ತು, ಮಾಡಿ ನೋಡುವ ಚಟುವಟಿಕೆಗಳಿದ್ದುವು, ಕೇಂದ್ರದಲ್ಲಿ ಜೊತೆಗಿದ್ದು ನಡೆಸಿಕೊಡುವ ಮಾರ್ಗದರ್ಶಕನಿದ್ದನು. ಪರದೆಯ ಮೇಲೆ ಕಂಡದ್ದು ಕೈಗೆ ಇಳಿಯಬೇಕಾದರೆ ಪಕ್ಕದಲ್ಲಿ ಒಬ್ಬ ಮನುಷ್ಯನಿರಬೇಕೆಂಬ ವಿವೇಕವನ್ನು ಆ ಯೋಜಕರು ತೋರಿದರು. ಅವಧಿ ಮುಗಿದೊಡನೆ ಉಪಗ್ರಹವು ಒಡೆಯರ ಕೆಲಸಕ್ಕೆ ಮರಳಿತು. ತರಬೇತಿ ಪಡೆದವರು ಮಾತ್ರ ತಮ್ಮ ಶಾಲೆಗಳಲ್ಲಿ ಉಳಿದರು.

2004ರಲ್ಲಿ ನಮ್ಮದೇ ದೇಶದ 'ಎಡುಸ್ಯಾಟ್' ಉಪಗ್ರಹ ಮೇಲೇರಿತು. 2017ರಲ್ಲಿ 'ದೀಕ್ಷಾ' ಎಂಬ ರಾಷ್ಟ್ರೀಯ ಜಾಲವ್ಯವಸ್ಥೆ ಆರಂಭವಾಯಿತು. ಇಂದಿನ ಬಿ.ಎಡ್. ವಿದ್ಯಾರ್ಥಿನಿಯ ಕೈಯಲ್ಲಿರುವ ದೂರವಾಣಿಯೊಳಗೆ ಲಾಂದ್ರ, ರೇಡಿಯೋ, ದೂರದರ್ಶನಗಳೆಲ್ಲ ಅಡಗಿವೆ. ಆದರೆ ಅವಳಿಗೂ ಅದೇ ಮೂರು ಪ್ರಶ್ನೆಗಳು: ಇದು ಹೇಗೆ ನಡೆಯುತ್ತದೆಂದು ನಾನು ಬಲ್ಲೆನೆ? ನನ್ನ ಮಕ್ಕಳ ಮಾತಿನಲ್ಲಿ ಅದನ್ನು ಹೇಳಬಲ್ಲೆನೆ? ಕೆಟ್ಟರೆ ಕೈಗೆ ಸಿಕ್ಕಿದ್ದರಿಂದ ಪಾಠವನ್ನು ಮುಂದುವರಿಸಬಲ್ಲೆನೆ? ಸೈದಾಪೇಟೆಗೆ ಬಂದ ನಮ್ಮ ಹಿರಿಯರು ಎರಡನೆಯ ಪ್ರಶ್ನೆಗೆ ಉತ್ತರವನ್ನು ತಾವೇ ದುಡಿದು ಸಂಪಾದಿಸಬೇಕಾಯಿತು. ಅವರ ಪಾಠದ ಟಿಪ್ಪಣಿಗಳು ನಮ್ಮ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿದ್ದರೆ, ರದ್ದಿಗೆ ಹೋಗುವ ಮುನ್ನ ಅವನ್ನು ಸಂಗ್ರಹಿಸುವುದು ನಮ್ಮ ಸಂಘದ ಕರ್ತವ್ಯ. ಉಪಕರಣಗಳ ಬೆಲೆಯನ್ನು ಸರ್ಕಾರದ ಕಡತಗಳು ಕಾಪಾಡುತ್ತವೆ. ಅವುಗಳಿಗೆ ಕನ್ನಡವನ್ನು ಕಲಿಸಿದವರ ಶ್ರಮವನ್ನು ಕಾಪಾಡಬೇಕಾದವರು ನಾವು.